ಸಂದಿಗೆ ಇಳಿಯುವ ಲಿವರ್ ಹುಡುಕಿದ್ದು

ಮೀಟುವ ಸಲಾಕೆಗೆ ಗ್ಯಾರೇಜಿನಲ್ಲಿ ನಾವೆಲ್ಲ ಲಿವರ್ ಅಂತಲೇ ಹೇಳುವುದು. ಬಹಳ ದಿನ ನನ್ನ ಹತ್ತಿರ ಇದ್ದದ್ದು ಎರಡೇ. ಒಂದು 24 ಇಂಚಿನದು, ಇನ್ನೊಂದು ಟೈರ್ ಬಿಚ್ಚುವ ಲಿವರ್. ಎರಡೂ ಆಗದ ಕಡೆ ದೊಡ್ಡ ಸ್ಕ್ರೂಡ್ರೈವರ್ ತುರುಕುವುದು. ಆ ಅಭ್ಯಾಸ ಬಿಟ್ಟಿದ್ದು ಕೈ ಸುಟ್ಟುಕೊಂಡ ಮೇಲೆ.

ಒಂದು ಹಳೆಯ ಸಣ್ಣ ಕಾರು ಬಂದಿತ್ತು. ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಹೋಗುವ ಆಕ್ಸೆಲಿನ ಬೂಟ್, ಅಂದರೆ ಜಾಯಿಂಟಿನ ರಬ್ಬರ್ ಮುಸುಕು, ಹರಿದು, ಗ್ರೀಸೆಲ್ಲ ಚಕ್ರದ ಒಳಮೈಗೆ ಎರಚಿಕೊಂಡಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಸದ್ದು. ಆಕ್ಸೆಲ್ ಬಿಚ್ಚಲೇಬೇಕು. ಚಕ್ರದ ಕಡೆ ನಟ್ ಇರುತ್ತದೆ, ಬಿಚ್ಚಿದರೆ ಆಯಿತು. ಗೇರ್‌ಬಾಕ್ಸ್ ಕಡೆ ಆ ಗಾಡಿಯಲ್ಲಿ ಬೋಲ್ಟೇ ಇಲ್ಲ. ಆಕ್ಸೆಲ್ ತುದಿಯ ತೋಡಿನಲ್ಲಿ ಸರ್ಕ್ಲಿಪ್ ಅಂತ ಉಂಗುರದಂಥ ಒಂದು ತಂತಿಯ ಕ್ಲಿಪ್ ಕೂತು, ಒಳಗಿನ ಗೇರಿಗೆ ಕಚ್ಚಿಕೊಂಡಿರುತ್ತದೆ. ಕೈಯಲ್ಲಿ ಎಳೆದರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಜಾಯಿಂಟಿಗೂ ಗೇರ್‌ಬಾಕ್ಸಿಗೂ ನಡುವೆ ಲಿವರ್ ಇಟ್ಟು ಒಂದು ಝಟಕಾ ಕೊಡಬೇಕು. ಆಗ ಕ್ಲಿಪ್ ಕುಗ್ಗಿ ಟಕ್ ಅಂತ ಹೊರಗೆ ಬರುತ್ತದೆ.

ತೊಂದರೆ ಏನೆಂದರೆ, ಆ ಸಂದಿಗೆ ಬೆರಳ ತುದಿ ಕೂಡ ಹೋಗುವುದಿಲ್ಲ. 24 ಇಂಚಿನ ಲಿವರಿನ ಮೂತಿ ದಪ್ಪ, ಒಳಗೇ ಇಳಿಯಲಿಲ್ಲ. ಇಳಿದಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ಗಾಡಿ ಇದ್ದದ್ದು ಸ್ಟ್ಯಾಂಡ್ ಮೇಲೆ, ಹಿಡಿ ಅರ್ಧ ತಿರುಗುವಷ್ಟರಲ್ಲಿ ನೆಲಕ್ಕೆ ತಾಗುತ್ತಿತ್ತು. ಟೈರ್ ಲಿವರಿನ ತುದಿ ಚಮಚದ ಹಾಗೆ, ಜಾರಿಕೊಂಡು ಬಂತು. ಕೊನೆಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಆಕ್ಸೆಲ್ ಏನೋ ಬಂತು. ಎರಡು ದಿನ ಬಿಟ್ಟು ಗಾಡಿಯೂ ವಾಪಸ್ ಬಂತು, ನಿಲ್ಲಿಸಿದ ಕಡೆಯೆಲ್ಲ ಆಯಿಲ್ ತೊಟ್ಟಿಕ್ಕಿಸುತ್ತಾ. ಸ್ಕ್ರೂಡ್ರೈವರ್ ಒಳಗೆ ಜಾಸ್ತಿ ಹೋಗಿ ಆಯಿಲ್ ಸೀಲಿನ ತುಟಿ ಹರಿದಿತ್ತು. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ ಅಲ್ವಾ, ಒತ್ತು ಕೊಟ್ಟ ಜಾಗದಲ್ಲಿ ಉಗುರಿನಷ್ಟು ತಗ್ಗು. ಸೀಲ್, ಆಯಿಲ್, ಮತ್ತೆ ಬಿಚ್ಚಿ ಕಟ್ಟಿದ ಕೂಲಿ, ಎಲ್ಲ ನನ್ನ ತಲೆಗೇ ಬಂತು.

ಈ ಸಲ ಮೊದಲು ಸಂದಿಯನ್ನು ಅಳೆದೆ. ಮುರಿದ ಹ್ಯಾಕ್ಸಾ ಬ್ಲೇಡ್ ಚೂರುಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಿ ನೋಡಿದೆ. ಐದು ಹೋದವು, ಆರನೆಯದು ಹೋಗಲಿಲ್ಲ. ಅಂದರೆ ಹತ್ತಿರ ಹತ್ತಿರ 3 ಮಿಲಿಮೀಟರ್. ಆ ಐದಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ.

ಅಂಗಡಿಯವರು ತೋರಿಸಿದ್ದೆಲ್ಲ ಉದ್ದದ ಲೆಕ್ಕದಲ್ಲಿ. 8 ಇಂಚು, 12, 18, ಸೆಟ್ ತಗೊಂಡರೆ ಕಮ್ಮಿ ಅಂತ. ನಾನು ಬ್ಲೇಡ್ ಕಟ್ಟು ತೆಗೆದು ಮೂತಿಯ ಪಕ್ಕ ಹಿಡಿದೆ. ಅವರಿಗೆ ನಗು. ಆದರೆ ವಿಷಯ ಅಲ್ಲೇ ಇತ್ತು. ತುದಿಯ ಅಂಚು ಎಲ್ಲದರಲ್ಲೂ ತೆಳ್ಳಗೇ ಇದೆ, ಅಂಚು ದಾಟಿದ ಕೂಡಲೇ ಬೆಣೆಯ ಹಾಗೆ ದಪ್ಪವಾಗುತ್ತದೆ. ನನಗೆ ಬೇಕಾಗಿದ್ದು ಅರ್ಧ ಇಂಚು ಒಂದೇ ಸಮ ತೆಳ್ಳಗಿದ್ದು, ಆಮೇಲೆ ಬಗ್ಗಿದ್ದು. ಸಿಗಲಿಲ್ಲ. ಸುಮ್ನೆ ಬರಬಾರದು ಅಂತ 8 ಇಂಚಿನದೊಂದು ತಂದೆ. ಬೇರೆ ಕೆಲಸಕ್ಕೆ ಆಗುತ್ತದೆ.

ಊರಿಗೆ ಬಂದು ಗುಜರಿಯಲ್ಲಿ ಹಳೆಯ ಜೀಪಿನ ಕಮಾನು ಪಟ್ಟಿಯ ತುಂಡೊಂದನ್ನು ತೂಕಕ್ಕೆ ತಗೊಂಡೆ. ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿ, 10 ಇಂಚಿಗೆ ಕತ್ತರಿಸಿ, ಮಚ್ಚು ಕುಡುಗೋಲು ಮಾಡುವ ಕುಲುಮೆಗೆ ಒಯ್ದೆ. ಬ್ಲೇಡ್ ಕಟ್ಟು ಕುಲುಮೆಯವರ ಕೈಗೂ ಕೊಟ್ಟೆ. ಅವರು ನಗಲಿಲ್ಲ. "ಕುಯ್ಯೋ ಕಬ್ಬಿಣದ ಹದ ಬೇರೆ, ಮೀಟೋ ಕಬ್ಬಿಣದ ಹದ ಬೇರೆ ಸ್ವಾಮಿ. ಗಡಸು ಜಾಸ್ತಿ ಆದ್ರೆ ಸಿಡಿದು ಹೋಗುತ್ತೆ, ಕಮ್ಮಿ ಆದ್ರೆ ಬಗ್ಗಿ ಕೂತ್ಕೊಳುತ್ತೆ" ಅಂದರು. ಕಾಸಿ ಮೂತಿ ಬಡಿದು, ಬಗ್ಗಿಸಿ, ಬಗ್ಗಿದ ಜಾಗದಲ್ಲಿ ಹಿಮ್ಮಡಿಯ ಹಾಗೆ ಒಂದು ಉಬ್ಬು ಬಿಟ್ಟರು. ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದರು. ಆಮೇಲೆ ಮೈ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಸಣ್ಣ ಬೆಂಕಿಗೆ ಹಿಡಿದರು. ಹಳದಿ ಓಡಿತು, ಕಂದು ಓಡಿತು, ನೀಲಿ ಬಂದ ಕೂಡಲೇ ತೆಗೆದುಬಿಟ್ಟರು. ಅದಕ್ಕೇ ಈಗಲೂ ನಾನು ಅದರ ಮೂತಿ ಸಾಣೆ ಹಿಡಿಯುವಾಗ ಎರಡೆರಡು ಸೆಕೆಂಡಿಗೆ ನೀರಿಗೆ ಅದ್ದುತ್ತೇನೆ. ಬಿಸಿಯಾದರೆ ಅವರು ಕೊಟ್ಟ ಹದ ಹೋಯಿತು ಅಂತಲೇ ಲೆಕ್ಕ.

ಇಷ್ಟು ಗಿಡ್ಡ ಲಿವರಿಗೆ ಬಲ ಎಲ್ಲಿಂದ ಅಂತ ಕೇಳಬಹುದು. ಆ ಹಿಮ್ಮಡಿಯಿಂದ. ಒತ್ತು ಕೊಡುವ ಉಬ್ಬಿನಿಂದ ತುದಿಗೆ ಅರ್ಧ ಇಂಚು, ಹಿಡಿಗೆ ಒಂಬತ್ತೂವರೆ ಇಂಚು. ಅಂದರೆ 19 ಪಟ್ಟು. ಕೈಯಲ್ಲಿ 10 ಕೆಜಿ ಒತ್ತಿದರೆ ತುದಿಯಲ್ಲಿ 190. ನನ್ನ 24 ಇಂಚಿನದನ್ನು ತುದಿಯಿಂದ ಒಂದು ಇಂಚಿಗೆ ಒತ್ತು ಕೊಟ್ಟು ಮೀಟಿದರೆ 23 ಪಟ್ಟು, ಅಷ್ಟೇ. ಕೈ 3 ಇಂಚು ಆಡಿದರೆ ತುದಿ ಸರಿಯುವುದು 4 ಮಿಲಿಮೀಟರ್ ಮಾತ್ರ, ನಿಜ. ಕ್ಲಿಪ್ ತಪ್ಪಿಸಲು ಅಷ್ಟು ಸಾಕು.

ಈಗ ಕೆಲಸ ಹೀಗೆ. ಮೊದಲು ಗೇರ್ ಆಯಿಲ್ ಇಳಿಸುತ್ತೇನೆ. ಉಬ್ಬಿನ ಕೆಳಗೆ ಒಂದು ತೆಳು ತಗಡು ಇಡುತ್ತೇನೆ, ಕೇಸಿಂಗಿಗೆ ಗುರುತು ಬೀಳಬಾರದು. ತುದಿ ಅರ್ಧ ಇಂಚಿಗಿಂತ ಒಳಗೆ ಹೋಗಲು ಬಗ್ಗಿದ ಜಾಗವೇ ಬಿಡುವುದಿಲ್ಲ, ಸೀಲ್ ಬಚಾವ್. ನಿಧಾನಕ್ಕೆ ಒತ್ತುತ್ತಾ ಕೂರಬಾರದು, ಒಂದೇ ಝಟಕಾ. ಬರಲಿಲ್ಲವೆಂದರೆ ಆಕ್ಸೆಲ್ ಕಾಲು ಸುತ್ತು ತಿರುಗಿಸಿ ಇನ್ನೊಂದು. ಲಿವರಿನ ತಲೆಗೆ ಸುತ್ತಿಗೆ ಏಟು ಹಾಕುವುದಿಲ್ಲ. ಹದ ಕೊಟ್ಟ ಉಕ್ಕು ಚಕ್ಕೆ ಎದ್ದರೆ ಕಣ್ಣಿಗೇ ಬರುವುದು.

24 ಇಂಚಿನದನ್ನೇನೂ ಎಸೆದಿಲ್ಲ. ಚಕ್ರದ ಕಡೆಯ ಬಾಲ್ ಜಾಯಿಂಟ್ ಬಿಡಿಸಲು ಲೋಯರ್ ಆರ್ಮ್, ಅಂದರೆ ಅದರ ಕೆಳಗಿನ ತೋಳನ್ನು, ಕೆಳಗೆ ಎಳೆಯಬೇಕಾದಾಗ ಅದೇ ಬೇಕು. ಅಲ್ಲಿ ಜಾಗ ಇರುತ್ತದೆ, ಮೈಭಾರ ಹಾಕಬಹುದು. ಇನ್ನು ಡ್ಯಾಶ್‌ಬೋರ್ಡ್, ಡೋರ್ ಪ್ಯಾಡ್ ಕ್ಲಿಪ್ಪುಗಳಿಗೆ ಕಬ್ಬಿಣವೇ ಬೇಡ, ಪ್ಲಾಸ್ಟಿಕ್ ಪಟ್ಟಿ ಸಾಕು.

ಕುಲುಮೆಗೆ ಇನ್ನೊಂದು ಸಲ ಹೋಗುವುದಿದೆ. ಹೋದ ವಾರ ಬಂದ ಡೀಸೆಲ್ ಗಾಡಿಯ ಸಂದಿಗೆ ಬ್ಲೇಡ್ ನಾಲ್ಕೇ ಹೋದವು.