ಹ್ಯೂಸ್ಟನ್‌ನಲ್ಲಿ ಮನೆ ಕೊಳ್ಳೋ ಮುಂಚೆ ತೆರಿಗೆ ನೋಡಿ

ಮಗಳ ಹೃದಯದ ಚಿಕಿತ್ಸೆಗೆಂದು ನಾವು ಹ್ಯೂಸ್ಟನ್‌ಗೆ ಬಂದೆವು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಟ್ಟಿದ್ದೆವು. ಅದನ್ನೆಲ್ಲ ಮನೆ ತೆರಿಗೆಯಲ್ಲಿ ವಸೂಲಿ ಮಾಡ್ತಾರೆ, ಅದು ಆಮೇಲೆ ಗೊತ್ತಾಯಿತು!

ನಾವು ಎಡವಿದ್ದು ಇಲ್ಲಿ: ಮನೆಯ ಜಾಹೀರಾತಿನಲ್ಲಿ ಹಿಂದಿನ ಮಾಲೀಕರು ಕಟ್ಟಿದ ತೆರಿಗೆ ಇತ್ತು. ಅವರು 65 ದಾಟಿದ ಅಜ್ಜ. ಆ ವಯಸ್ಸಿನವರಿಗೆ ಮನೆ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಪಾಲು, ಅಂದರೆ ಶಾಲಾ ತೆರಿಗೆ, ಏರದಂತೆ ಮಿತಿ ಇರುತ್ತದೆ. ಮನೆ ನಮ್ಮ ಕೈಗೆ ಬಂದ ಮೇಲೆ ಆ ಮಿತಿ ಹೋಯಿತು, ತೆರಿಗೆಯೂ ಸೇರಿದ್ದ ಬ್ಯಾಂಕಿನ ಕಂತೇ ಮುಂದಿನ ವರ್ಷ ಏರಿತು. ಹೊಸ ಮನೆಯಾದರೆ ಇನ್ನೂ ಹುಷಾರು, ಹಳೇ ಬಿಲ್ ಬರೀ ಖಾಲಿ ಜಾಗದ್ದಿರಬಹುದು. ಹಾಗಾಗಿ ತೆರಿಗೆಯ ದರ ಕೇಳಿ, ನೀವು ಕೊಳ್ಳೋ ಬೆಲೆಗೆ ನೀವೇ ಲೆಕ್ಕ ಹಾಕಿ.

ಹ್ಯೂಸ್ಟನ್ ಹೊರವಲಯದ ಪೇರ್‌ಲ್ಯಾಂಡ್, ಕೇಟಿ ಕಡೆ ಮನೆ ಅಗ್ಗ ಅನಿಸುತ್ತದೆ. ಅಲ್ಲಿ ಹಲವು ಬಡಾವಣೆಗಳಲ್ಲಿ ನೀರು, ಒಳಚರಂಡಿಯ ಸಾಲಕ್ಕೆ 'ಮಡ್' ಅನ್ನೋ ತೆರಿಗೆ ಬೇರೆ. ಅದು ಶೇ. 1 ಇದ್ದರೆ 4 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 4,000. ಜೊತೆಗೆ ಆಸ್ಪತ್ರೆಗೆ ಓಡಾಡೋ ಪೆಟ್ರೋಲು, ಪಾರ್ಕಿಂಗ್, ಅಲ್ವಾ?

ಕೊಂಡ ಮೇಲೆ ಹೋಮ್‌ಸ್ಟೆಡ್ ವಿನಾಯಿತಿಗೆ (ಸ್ವಂತ ಮನೆಯಲ್ಲೇ ವಾಸಿಸುವವರಿಗೆ ಸಿಗೋ ತೆರಿಗೆ ರಿಯಾಯಿತಿ) ಅರ್ಜಿ ಹಾಕೋದು ಮರೆಯಬೇಡಿ, ದುಡ್ಡೇನೂ ಕೇಳಲ್ಲ. ಅದು ಸಿಕ್ಕರೆ ಮರುವರ್ಷದಿಂದ ತೆರಿಗೆ ಹಾಕುವ ಬೆಲೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಲ್ಲ.

ಚಿಕಿತ್ಸೆ ಎಷ್ಟು ದಿನ ಅಂತ ಡಾಕ್ಟರೇ ಹೇಳದಿದ್ದರೆ, ಮೊದಲು ಬಾಡಿಗೆಗೇ ಇರಿ.