ರಗ್ಬಿ ಲೀಗ್: ಆಟ ಬಿಟ್ಟು ಕೋಚ್ ಆಗುವವರಿಗೆ

ಬೂಟು ಕಳಚಿದ ಮರುದಿನವೇ ಮುಖ್ಯ ಕೋಚ್ ಕುರ್ಚಿಗೆ ಕೈಚಾಚಬೇಡಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ರೈಡರ್ಸ್ ತಂಡಕ್ಕೆ ಆಡಿದ್ದ ಕ್ರೇಗ್ ಬೆಲ್ಲಮಿ, ಬ್ರಿಸ್ಬೇನ್ ಬ್ರಾಂಕೋಸ್‌ನಲ್ಲಿ ಮುಖ್ಯ ಕೋಚ್ ವೇಯ್ನ್ ಬೆನೆಟ್ ಕೈಕೆಳಗೆ ಸಹಾಯಕರಾಗಿ ಪಳಗಿ, 2003ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡದ ಮುಖ್ಯ ಕೋಚ್ ಹೊಣೆ ಹೊತ್ತರು.

ಮೊದಲು ಡಿಫೆನ್ಸ್ ಒಂದನ್ನೇ ಹಿಡಿಯಿರಿ. 30 ಮೀಟರ್ ಅಗಲದ ಜಾಗ, ಎರಡೂ ಕಡೆ ಆರಾರು ಮಂದಿ, ಆರು ಟ್ಯಾಕಲ್ (ಚೆಂಡು ಹೊತ್ತವನನ್ನು ಹಿಡಿದು ನಿಲ್ಲಿಸುವುದು). ಪ್ರತಿ ಟ್ಯಾಕಲ್ ಆದಮೇಲೆ ತಡೆಯುವ ತಂಡದ ಇಬ್ಬರು (ಇವರೇ ಮಾರ್ಕರ್‌ಗಳು) ಚೆಂಡಿನ ಮುಂದೆ ನಿಲ್ಲಲಿ, ಆ ತಂಡದ ಉಳಿದವರು 10 ಮೀಟರ್ ಹಿಂದೆ ಸರಿಯಲಿ.

ಎಡವುವುದು ಇಲ್ಲೇ: ಹಿಂದೆ ಸರಿಯುವವರು ಚೆಂಡಿಗೆ ಬೆನ್ನು ಹಾಕಿ ಓಡುತ್ತಾರೆ, ಅಷ್ಟರಲ್ಲಿ ಡಮ್ಮಿ ಹಾಫ್ (ಟ್ಯಾಕಲ್ ಆದವನ ಹಿಂದೆ ನಿಂತು ಚೆಂಡು ಎತ್ತಿಕೊಳ್ಳುವ ಎದುರಾಳಿ) ನುಗ್ಗಿರುತ್ತಾನೆ. ಇನ್ನೊಬ್ಬ ಅವಸರಗೇಡಿ ಸಾಲು ಬಿಟ್ಟು ಮುನ್ನುಗ್ಗಿದರೆ ಪಕ್ಕದಲ್ಲೇ ಕಿಂಡಿ. ಒಳಗಿನವನ (ಚೆಂಡಿನ ಕಡೆಯ ಪಕ್ಕದವನ) ಭುಜಕ್ಕೆ ಭುಜ ಸಮ ಇರಲಿ ಎನ್ನಿ. ನೀವೇ ಟ್ಯಾಕಲ್ ಮಾಡಿ ತೋರಿಸುವ ಚಪಲ ಮಾತ್ರ ಬೇಡ. ಹಳೇ ಆಟಗಾರರ ದೊಡ್ಡ ರೋಗ ಅದು.