ಸಿ ಫಾರಂ, ಗೋಧಿ ಮೊಳಕೆ, ಕಾಫಿ ಸಿಪ್ಪೆ: ಮೈಸೂರಿನ ವಿದೇಶಿ ವಿದ್ಯಾರ್ಥಿಗಳ ಜೊತೆ ನನ್ನ ಅನುಭವ

ಮೈಸೂರಿಗೆ ಓದಲು ಬಂದಿಳಿದ ವಿದೇಶಿ ವಿದ್ಯಾರ್ಥಿಗೆ ಮೊದಲ ವಾರ ಬೇಕಾಗುವುದು ಒಂದು ಬಾಡಿಗೆ ಕರಾರು ಪತ್ರ. ಹೂಗುಚ್ಛ, ಸ್ವಾಗತ ಭಾಷಣ ಎಲ್ಲ ಆಮೇಲೆ ನೋಡಿಕೊಂಡರಾಯಿತು. ಕರಾರು ಇಲ್ಲದಿದ್ದರೆ ವಿಳಾಸದ ದಾಖಲೆ ಇಲ್ಲ, ವಿಳಾಸ ಇಲ್ಲದಿದ್ದರೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದಿದ್ದರೆ ಯುಪಿಐ ಇಲ್ಲ. ಯುಪಿಐ ಇಲ್ಲದೆ ಈಗ ಅಗ್ರಹಾರದಲ್ಲಿ ನಿಂತು ಒಂದು ಎಳನೀರು ಕುಡಿಯುವುದೂ ಕಷ್ಟ. ಚಿಲ್ಲರೆ ಯಾರ ಹತ್ತಿರವೂ ಇರುವುದಿಲ್ಲ.

ನಗರದ ಒಂದು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಭಾಗ ನೋಡಿಕೊಳ್ಳುವ ಕೆಲಸ ನನ್ನದು. ವಿಭಾಗ ಎಂದರೆ ಒಂದು ಮೇಜು, ಒಂದು ಸ್ಕ್ಯಾನರ್, ಮತ್ತೆ ನಾನು. ಇರಾನ್, ಯೆಮನ್, ಅಫ್ಘಾನಿಸ್ತಾನ, ಇಥಿಯೋಪಿಯಾ, ಸುಡಾನ್, ತಾಂಜಾನಿಯಾ ಕಡೆಯ ಮಕ್ಕಳು. ಆಡಳಿತ ಮಂಡಳಿಯ ಲೆಕ್ಕದಲ್ಲಿ ನನ್ನ ಕೆಲಸ ಎರಡು: ಒಂದು ಪೇಪರ್ ವರ್ಕು, ಇನ್ನೊಂದು ‘ಕಲ್ಚರಲ್’. ಬಜೆಟ್ಟೂ ಬೇರೆ ಬೇರೆ, ಫೈಲೂ ಬೇರೆ ಬೇರೆ. ಕೆಲಸ ಮಾಡುತ್ತಾ ಹೋದ ಹಾಗೆ ನನಗೆ ಅವೆರಡೂ ಒಂದೇ ಕೆಲಸ ಅನ್ನಿಸತೊಡಗಿತು. ಯಾಕೆ ಅಂತ ಹೇಳುತ್ತೇನೆ.

ಮೊದಲು ಪೇಪರ್. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ನೋಂದಣಿ ಆಗಬೇಕು. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದಮೇಲೆ ಇದೆಲ್ಲ ಆನ್‌ಲೈನ್. ಫೈಲ್ ಹಿಡಿದು ಕಚೇರಿ ಕಚೇರಿ ಅಲೆಯುವುದು ಬಹುಮಟ್ಟಿಗೆ ತಪ್ಪಿದೆ. ಆದರೆ ಮನೆ ಮಾಲೀಕರು ತಮ್ಮಲ್ಲಿ ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮಾಹಿತಿ ಕೊಡಬೇಕು. ಅದೇ ಸಿ ಫಾರಂ. ಸೆಪ್ಟೆಂಬರ್ 2025ರಿಂದ ಹೊಸ ಕಾಯ್ದೆ ಜಾರಿಗೆ ಬಂದು ಫಾರಮ್ಮಿನ ಹೆಸರು ಬದಲಾಗಿದ್ದರೂ ನಮ್ಮ ಬಾಯಲ್ಲಿ ಅದು ಈಗಲೂ ಸಿ ಫಾರಮ್ಮೇ. ಈ ಹೆಸರು ಕೇಳಿದ ತಕ್ಷಣ ಮಾಲೀಕರ ಮುಖ ಬದಲಾಗುತ್ತದೆ. “ಪೊಲೀಸು ಗಿಲೀಸು ಎಲ್ಲ ನಮಗ್ಯಾಕೆ ಮೇಡಂ, ಮನೆ ಈಗಾಗಲೇ ಮಾತಾಗಿದೆ” ಅಂತ ಬಾಗಿಲು ಹಾಕುತ್ತಾರೆ. ಗೋಕುಲಂ ಕಡೆಯವರಿಗೆ ಮಾತ್ರ ಈ ಭಯ ಇಲ್ಲ. ಯೋಗ ಕಲಿಯಲು ಬರುವ ಹೊರದೇಶದವರಿಗೆ ಮನೆ ಕೊಟ್ಟೂ ಕೊಟ್ಟೂ ಅವರಿಗೆ ಸಿ ಫಾರಂ ಕಂಠಪಾಠ. ಆದರೆ ಅಲ್ಲಿನ ಬಾಡಿಗೆ ನಮ್ಮ ಹುಡುಗರ ಕೈಗೆ ಎಟುಕುವಂಥದ್ದಲ್ಲ.

ಹಾಗಾಗಿ ನಾನು ಮಾಡಿದ್ದು ಇಷ್ಟೇ. ಸರಸ್ವತಿಪುರಂನಲ್ಲಿ ಮೇಲಿನ ಮನೆ ಖಾಲಿ ಇಟ್ಟುಕೊಂಡಿದ್ದ ನಿವೃತ್ತ ಮೇಷ್ಟ್ರೊಬ್ಬರ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವರ ಹೆಸರಲ್ಲಿ ಲಾಗಿನ್ ಮಾಡಿಸಿ, ಹುಡುಗನ ಪಾಸ್‌ಪೋರ್ಟ್, ವೀಸಾ, ಫೋಟೊ ಏರಿಸಿ, ಬಂದ ಪ್ರತಿಯನ್ನು ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. “ಇಷ್ಟೇನಾ?” ಅಂದರು. ಇಷ್ಟೇ. ಮುಂದಿನ ಸಲ ಪಕ್ಕದ ಬೀದಿಯ ಮಾಲೀಕರಿಗೆ ಒಪ್ಪಿಸಿದ್ದು ಅವರೇ, ನಾನಲ್ಲ. ಬ್ರೋಕರ್‌ಗಳ ಪಟ್ಟಿ ಮಾಡುವುದಕ್ಕಿಂತ ಇಂಥ ನಾಲ್ಕು ಜನ ಮಾಲೀಕರನ್ನು ಸಂಪಾದಿಸುವುದು ಎಷ್ಟೋ ಮೇಲು. ಕರಾರು ಪತ್ರದ ಜೊತೆ ಮಾಲೀಕರ ಗುರುತಿನ ಚೀಟಿ ಮತ್ತು ಕರೆಂಟ್ ಬಿಲ್ಲಿನ ನಕಲನ್ನೂ ಅದೇ ದಿನ ಇಸಿದುಕೊಳ್ಳಿ. ಆಮೇಲೆ ಕೇಳಿದರೆ ಮತ್ತೆ ಅನುಮಾನ ಶುರುವಾಗುತ್ತದೆ.

ಇನ್ನು ಹೆಸರು ಮತ್ತು ಹುಟ್ಟಿದ ದಿನಾಂಕದ ಗೋಳು. ಇಥಿಯೋಪಿಯಾದವರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ತಮ್ಮ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಅಷ್ಟೇ. ಇನಿಷಿಯಲ್ಲಲ್ಲಿ ಊರು, ಅಪ್ಪ ಎಲ್ಲರನ್ನೂ ತುಂಬಿಕೊಂಡು ಓಡಾಡುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಆದರೆ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಅಫ್ಘಾನ್ ಹುಡುಗರಲ್ಲಿ ಜನವರಿ 1ಕ್ಕೆ ಹುಟ್ಟಿದವರು ವಿಪರೀತ. ಅವರ ಗುರುತಿನ ಚೀಟಿಯಲ್ಲಿ ಎಷ್ಟೋ ಸಲ ವಯಸ್ಸು ಮಾತ್ರ ಇರುತ್ತದೆ, ತಾರೀಖು ಇರುವುದಿಲ್ಲ. ಗುಮಾಸ್ತರೊಬ್ಬರು ಇದನ್ನು ನೋಡಿ ನಕ್ಕರು. “ನಿಮ್ಮ ಹುಟ್ಟುಹಬ್ಬ ಯಾವಾಗ ಸಾರ್?” ಅಂತ ಕೇಳಿದೆ. ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ನನ್ನ ತಲೆಮಾರಿನ ಅರ್ಧ ಕರ್ನಾಟಕ ಹುಟ್ಟಿದ್ದೇ ಜೂನ್ 1ಕ್ಕೆ.

ಇಥಿಯೋಪಿಯಾದ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಐದೋ ಆರೋ ದಿನದ ಹದಿಮೂರನೆಯ ತಿಂಗಳು; ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ. ಅಲ್ಲಿನ ಅಂಕಪಟ್ಟಿಯಲ್ಲಿ 2010 ಅಂತ ಇದ್ದರೆ ಅದು ನಮ್ಮ 2017-18. ಇದು ಗೊತ್ತಿಲ್ಲದವರು “2010ರಲ್ಲಿ ಪಾಸಾಗಿ ಇಷ್ಟು ವರ್ಷ ಏನು ಮಾಡ್ತಿದ್ದೆ, ಗ್ಯಾಪ್ ಸರ್ಟಿಫಿಕೇಟ್ ತಾ” ಅನ್ನುತ್ತಾರೆ. ಅವರ ಗಡಿಯಾರವೂ ಸೂರ್ಯೋದಯದಿಂದ ಶುರು; ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಇದಕ್ಕೆಲ್ಲ ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ ಪ್ರವೇಶಾತಿ ಕೌಂಟರಿನ ಗಾಜಿಗೆ ಅಂಟಿಸಿದ್ದೇನೆ. ನನ್ನ ಸೇವೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಬಹುಶಃ ಆ ಹಾಳೆಯೇ.

ಈಗ ‘ಕಲ್ಚರಲ್’ ಕಡೆ ಬರೋಣ. ನಾನು ಸೇರಿದಾಗ ಇದ್ದ ಪದ್ಧತಿ ಎಲ್ಲ ಕಾಲೇಜುಗಳಲ್ಲೂ ಇರುವಂಥದ್ದೇ. ವರ್ಷಕ್ಕೊಮ್ಮೆ ‘ಅಂತರರಾಷ್ಟ್ರೀಯ ದಿನ’. ವಿದೇಶಿ ವಿದ್ಯಾರ್ಥಿಗಳು ತಮ್ಮ ದೇಶದ ಉಡುಗೆ ತೊಟ್ಟು, ಬಾವುಟ ಹಿಡಿದು ವೇದಿಕೆ ಮೇಲೆ ನಡೆಯಬೇಕು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದು ವಸುಧೈವ ಕುಟುಂಬಕಂ ಅನ್ನಬೇಕು. ಶಾಲು, ಹಾರ, ಗ್ರೂಪ್ ಫೋಟೊ. ಮದುವೆಮನೆಗೆ ಬಂದು ಫೋಟೊ ತೆಗೆಸಿಕೊಂಡು ಊಟಕ್ಕೂ ನಿಲ್ಲದೆ ಹೋಗುವ ನೆಂಟರ ಹಾಗೆ ಎಲ್ಲರೂ ಬಂದು ಹೋಗುತ್ತಿದ್ದರು. ಅಲ್ಲಿ ನಡೆದ ಒಬ್ಬ ಹುಡುಗಿಯ ಹೆಸರನ್ನಾದರೂ ನಮ್ಮ ಬಿಕಾಂ ಹುಡುಗರು ಕೇಳಿದ್ದನ್ನು ನಾನು ಕಂಡಿಲ್ಲ.

ಅದು ಬದಲಾಗಿದ್ದು ಮಾರ್ಚ್ 2023ರಲ್ಲಿ, ಅದೂ ಪಂಚಾಂಗಗಳ ಕೃಪೆಯಿಂದ. ಆ ವರ್ಷ ಒಂದೇ ವಾರದಲ್ಲಿ ಮೂರೂ ಬಂದವು: 21ಕ್ಕೆ ಇರಾನ್, ಅಫ್ಘಾನಿಸ್ತಾನದ ಕಡೆಯವರ ಹೊಸ ವರ್ಷವಾದ ನೌರೋಜ್, 22ಕ್ಕೆ ನಮ್ಮ ಯುಗಾದಿ, 24ಕ್ಕೆ ರಂಜಾನ್ ಉಪವಾಸದ ಮೊದಲ ದಿನ.

ನೌರೋಜ್ ಎಂದರೆ ಸೂರ್ಯ ವಿಷುವದ ಬಿಂದು ದಾಟುವ ಕ್ಷಣ. ಇರಾನಿನವರು ಆ ನಿಮಿಷಕ್ಕೆ ಸರಿಯಾಗಿ ಹಬ್ಬದ ಮೇಜಿನ ಸುತ್ತ ಕೂತಿರಬೇಕು. ಆ ಸಲ ಅದು ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ 2.54ಕ್ಕೆ. ಹಾಸ್ಟೆಲ್ ಗೇಟ್ ರಾತ್ರಿಯೇ ಬಂದ್, ಆಮೇಲೆ ಊಟದ ಹಾಲ್‌ಗೂ ಬೀಗ. ವಾರ್ಡನ್ ಹತ್ತಿರ ಹೋಗಿ “ಮುಹೂರ್ತ ಮೇಡಂ, ತಪ್ಪಿಸೋಕಾಗಲ್ಲ” ಅಂದೆ. ಮುಹೂರ್ತ ಅಂದ ಮೇಲೆ ಅವರು ಎದುರಾಡಲಿಲ್ಲ; ಬೀಗದ ಕೈ ಕೊಟ್ಟು, ತಾವೂ ಬಂದು ಕೂತರು.

ಮೇಜಿನ ಮೇಲೆ ಏಳು ವಸ್ತು ಬೇಕು, ಪರ್ಷಿಯನ್ ಭಾಷೆಯಲ್ಲಿ ಎಲ್ಲ ಒಂದೇ ಅಕ್ಷರದಿಂದ ಶುರುವಾಗುವಂಥವು. ಬೆಳ್ಳುಳ್ಳಿ, ಸೇಬು ದೇವರಾಜ ಮಾರುಕಟ್ಟೆಯಲ್ಲಿ ಸಿಕ್ಕವು. ವಿನೆಗರ್ ಎಲ್ಲ ಕಡೆಯೂ ಸಿಗುತ್ತದೆ. ಸುಮಾಕ್ ಎಂಬ ಹುಳಿಪುಡಿ ಯಾರದೋ ಸೂಟ್‌ಕೇಸಿನಲ್ಲಿ ಬಂದಿತ್ತು. ಸೆಂಜೆದ್ ಎಂಬ ಒಣಹಣ್ಣಿಗೆ ಬದಲಾಗಿ ಒಣಗಿದ ಎಲಚಿ ಇಟ್ಟರು. ಮೊಳೆತ ಗೋಧಿಯನ್ನು ಅರೆದು ಗಂಟೆಗಟ್ಟಲೆ ಮಗುಚಿ ಮಾಡುವ ಸಮನು ಯಾರಿಗೂ ಬರುತ್ತಿರಲಿಲ್ಲ. ನಮ್ಮ ಮೆಸ್ಸಿನ ಅಡುಗೆಯವರು ಶಿವಮೊಗ್ಗ ಕಡೆಯವರು. ವಿವರಣೆ ಕೇಳಿಸಿಕೊಂಡು “ಗೋಧಿ ಹಾಲುಬಾಯಿ ಅಲ್ವಾ ಅದು” ಅಂದು ಒಂದು ತಟ್ಟೆ ಮಾಡಿಕೊಟ್ಟರು. ಅಲ್ವೇ ಅಲ್ಲ, ಇರಾನಿನವರದ್ದಕ್ಕೆ ಬೆಲ್ಲವೂ ಬೀಳುವುದಿಲ್ಲ. ಆದರೆ ರುಚಿ ನೋಡಿದ ಮೇಲೆ ಹುಡುಗಿಯರು ತಕರಾರು ತೆಗೆಯಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಏಳನೆಯ ವಸ್ತು, ಗೋಧಿ ಮೊಳಕೆಯ ತಟ್ಟೆ. ಅದನ್ನು ಎರಡು ವಾರ ಮುಂಚೆಯೇ ನೆನೆಹಾಕಬೇಕು. ಇರಾನಿ ಹುಡುಗಿ ಅದನ್ನು ಕಾರಿಡಾರಿನ ಕಿಟಕಿಯಲ್ಲಿ ಒದ್ದೆ ಬಟ್ಟೆ ಹೊದಿಸಿ ಇಟ್ಟಿದ್ದಳು. ಪಿರಿಯಾಪಟ್ಟಣದ ಹುಡುಗಿಯೊಬ್ಬಳು ದಿನಾ ಹೋಗಿ ಬಂದು ನೋಡುತ್ತಿದ್ದವಳು, ತಾನಾಗಿ ನೀರು ಚಿಮುಕಿಸತೊಡಗಿದಳು. ಮೊಳಕೆ ಒಂದು ಗೇಣು ಬಂದಾಗ ಕೆಂಪು ರಿಬ್ಬನ್ ಕಟ್ಟಿದವಳೂ ಅವಳೇ. ರಾತ್ರಿ 2.54ಕ್ಕೆ ನಮ್ಮ ಕನ್ನಡದ ಮಕ್ಕಳು ಎಷ್ಟೊಂದು ಜನ ಎದ್ದು ಬಂದಿದ್ದರೆಂದರೆ ಕುರ್ಚಿ ಸಾಲಲಿಲ್ಲ. ಯಾರಿಗೂ ಆಹ್ವಾನ ಪತ್ರ ಹೋಗಿರಲಿಲ್ಲ, ಹಾಜರಾತಿಯ ಆಮಿಷವೂ ಇರಲಿಲ್ಲ.

ಅಫ್ಘಾನ್ ಹುಡುಗರದು ಪಕ್ಕದ ಮೇಜು. ಅವರಲ್ಲಿ ಏಳು ಬಗೆಯ ಒಣಹಣ್ಣು, ಬೀಜಗಳನ್ನು ನೀರಲ್ಲಿ ನೆನೆಸಿ, ಆ ಸಿಹಿನೀರಿನ ಸಮೇತ ಬಟ್ಟಲಲ್ಲಿ ಕೊಡುತ್ತಾರೆ. ಆಗಸ್ಟ್ 2021ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಮೇಲೆ ಆ ಹುಡುಗರು ಯಾವ ಕಾರ್ಯಕ್ರಮಕ್ಕೂ ಬಂದವರಲ್ಲ. ಮನೆಯಿಂದ ದುಡ್ಡು ಬರುವುದು ನಿಂತಿತ್ತು, ವೀಸಾ ವಿಸ್ತರಣೆಯ ಚಿಂತೆ ಬೇರೆ. ಬಾವುಟ ಹಿಡಿದು ವೇದಿಕೆಗೆ ಬನ್ನಿ ಅಂದರೆ ಯಾವ ಬಾವುಟ ಹಿಡಿಯಬೇಕು ಅವರು? ಬಟ್ಟಲು ಹಂಚಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮರುದಿನದ ಬೇವು ಬೆಲ್ಲ, ಒಬ್ಬಟ್ಟು ಸಲೀಸಾಗಿ ಆಯಿತು. ತಲೆನೋವು ರಂಜಾನಿನದು. ಐದು ಗಂಟೆಯೊಳಗೆ ತಿಂದು ಮುಗಿಸಬೇಕು, ಮೆಸ್ ತೆರೆಯುವುದು ಏಳೂವರೆಗೆ. ರೂಮಿನಲ್ಲಿ ಕೆಟಲ್ ನಿಷೇಧ. ಕೊನೆಗೆ ರಾತ್ರಿಯ ಚಪಾತಿ, ಪಲ್ಯ, ಬಾಳೆಹಣ್ಣು ಹಾಟ್‌ಬಾಕ್ಸಿನಲ್ಲಿಟ್ಟು ಊಟದ ಹಾಲ್‌ನಲ್ಲಿ ಒಂದೇ ಒಂದು ಕೆಟಲ್ಲಿಗೆ ಅನುಮತಿ ತೆಗೆದುಕೊಂಡೆವು. ಖರ್ಚು ಇಲ್ಲವೆಂದೇ ಹೇಳಬಹುದು. ಮೊದಲ ದಿನ ಬೆಳಗಿನ ಜಾವ ಹೋಗಿ ನೋಡಿದರೆ ಯೆಮನ್, ಸುಡಾನ್ ಹುಡುಗಿಯರ ಜೊತೆ ಮಂಡ್ಯ, ರಾಮನಗರದ ನಮ್ಮ ಹುಡುಗಿಯರೂ ಕೂತಿದ್ದಾರೆ. “ಹೋದ ವರ್ಷ ಏನು ಮಾಡ್ತಿದ್ರಿ?” ಅಂದೆ. ಬಿಸ್ಕತ್ತು, ನೀರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ವಿದೇಶಿಯರಿಗೆಂದು ಮಾಡಿದ ಅನುಕೂಲಗಳಲ್ಲಿ ಅರ್ಧಕ್ಕರ್ಧ ಸ್ಥಳೀಯರಿಗೇ ಮೊದಲು ಬೇಕಾಗಿರುತ್ತವೆ ಎಂಬುದು ನನಗೆ ಹೊಳೆದದ್ದು ಅಲ್ಲಿ.

ಮುಂದಿನ ವರ್ಷ ಫೆಬ್ರುವರಿಯಲ್ಲಿ ಕಾಫಿ ಇಟ್ಟುಕೊಂಡೆವು. ಕಾಫಿ ಗಿಡದ ಮೂಲ ಇಥಿಯೋಪಿಯಾದ ಕಾಡು. ಬೆಳೆಯಾಗಿ ಹೆಸರು ಮಾಡಿದ್ದು ಯೆಮನ್‌ನಲ್ಲಿ. ಅಲ್ಲಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ. ಮೂರೂ ಕಡೆಯವರು ನಮ್ಮ ಕಾಲೇಜಿನಲ್ಲೇ ಇದ್ದರು. ವೇದಿಕೆ ಇಲ್ಲ, ಅತಿಥಿ ಇಲ್ಲ, ಲ್ಯಾಬ್ ಮುಗಿಯುವ ನಾಲ್ಕು ಗಂಟೆಗೆ ಶುರು. ಬರುವ ಪ್ರತಿಯೊಬ್ಬರಿಗೂ ಒಂದು ಕೆಲಸ ಎಂಬುದೊಂದೇ ಷರತ್ತು: ಒಲೆ, ಲೋಟ ತೊಳೆಯುವುದು, ಚಾಪೆ ಹಾಸುವುದು, ಏನಾದರೂ.

ಇಥಿಯೋಪಿಯಾದ ಹುಡುಗಿ ನೆಲಕ್ಕೆ ಹಸಿ ಹುಲ್ಲು ಹರಡಿ, ಹಸಿ ಬೀಜವನ್ನು ಬಾಣಲೆಯಲ್ಲಿ ಹುರಿದು, ಹೊಗೆಯಾಡುವ ಬಾಣಲೆಯನ್ನೇ ಕೂತವರ ಮೂಗಿನ ಮುಂದೆ ಒಯ್ದಳು. ಅದು ಅವರ ಮರ್ಯಾದೆ. ಪಕ್ಕದಲ್ಲಿ ಸಾಂಬ್ರಾಣಿ ಬೇರೆ. ಸಭಾಂಗಣದ ಮೇಲ್ವಿಚಾರಕರು ಹೊಗೆ ನೋಡಿ ಓಡಿ ಬಂದರು, ಎಲ್ಲ ಎತ್ತಿಕೊಂಡು ಪೋರ್ಟಿಕೋಗೆ ಹೋದೆವು. ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡಬೇಕು. ಪುಡಿ ಅದೇ, ನೀರು ಮಾತ್ರ ಹೊಸದು, ಸುತ್ತಿನಿಂದ ಸುತ್ತಿಗೆ ತೆಳ್ಳಗಾಗುತ್ತದೆ. ಜೊತೆಗೆ ಪಾಪ್‌ಕಾರ್ನ್. ಯೆಮನ್‌ನವರ ಕಿಶ್ರ್ ಎಂಬ ಪಾನೀಯಕ್ಕೆ ಬೇಕಿದ್ದದ್ದು ಒಣಗಿದ ಕಾಫಿ ಹಣ್ಣಿನ ಸಿಪ್ಪೆ. ಮೂಡಿಗೆರೆಯ ತೋಟದ ಹುಡುಗನಿಗೆ ಹೇಳಿದರೆ “ಅದನ್ನ ನಾವು ಗೊಬ್ಬರಕ್ಕೆ ಹಾಕೋದು” ಅಂತ ನಕ್ಕ. ಆದರೂ ಮನೆಬಳಕೆಗೆ ಔಷಧಿ ಹೊಡೆಯದೆ ಬಿಟ್ಟ ಗಿಡಗಳ ಹಣ್ಣಿನದನ್ನೇ ಆರಿಸಿ ಒಂದು ಚೀಲ ತಂದ. ಶುಂಠಿ ಹಾಕಿ ಕುದಿಸಿದ ಆ ಕೆಂಬಣ್ಣದ ನೀರು ಕುಡಿದವನು ಅಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿದ. ನಮ್ಮ ಚಿಕೋರಿ ಹಾಕಿದ ಫಿಲ್ಟರ್ ಕಾಫಿ ಮಾತ್ರ ಇಥಿಯೋಪಿಯಾದವರಿಗೆ ಹಿಡಿಸಲಿಲ್ಲ. ಮುಖದಲ್ಲಿ ಮರೆಮಾಚಲೂ ಇಲ್ಲ, ಒಳ್ಳೆಯದೇ ಆಯಿತು. ಚೆನ್ನಾಗಿ ವಾದ ನಡೆಯಿತು.

ಮೂರನೇ ಸುತ್ತಿನ ಹೊತ್ತಿಗೆ, ನನ್ನ ಮೇಜಿನ ಹತ್ತಿರ ಒಮ್ಮೆಯೂ ಸುಳಿಯದಿದ್ದ ಸುಡಾನಿನ ಹುಡುಗನೊಬ್ಬ ಲೋಟ ತೊಳೆಯುತ್ತಾ ತನ್ನ ಪಾಸ್‌ಪೋರ್ಟ್ ಮುಗಿಯುತ್ತಾ ಬಂದಿದೆ ಅಂದ. ಏಪ್ರಿಲ್ 2023ರಲ್ಲಿ ಅಲ್ಲಿ ಯುದ್ಧ ಶುರುವಾದಾಗಿನಿಂದ ನವೀಕರಣ ಮುಂದೆ ಮುಂದೆ ಹೋಗುತ್ತಿತ್ತು, ವೀಸಾ ಕೂಡ ಅದೇ ಹೊತ್ತಿಗೆ ಮುಗಿಯುವುದಿತ್ತು. ಕಚೇರಿಗೆ ಬಂದು ಹೇಳಿದರೆ ಕಾಲೇಜಿನಿಂದ ತೆಗೆಯುತ್ತಾರೆ ಎಂದು ಯಾರೋ ಹೆದರಿಸಿದ್ದರಂತೆ. ಸ್ಕ್ಯಾನರ್ ಒಳಗೇ ಇತ್ತು. ಬೋನಫೈಡ್ ಪತ್ರ, ಹಾಜರಾತಿ, ಶುಲ್ಕದ ರಸೀದಿ ಅಲ್ಲೇ ಹೊಂದಿಸಿದೆವು. ರಾಯಭಾರ ಕಚೇರಿಗೆ ಕೊಟ್ಟ ನವೀಕರಣದ ಅರ್ಜಿಯ ಸ್ವೀಕೃತಿಯನ್ನೂ ಲಗತ್ತಿಸಿ, ವೀಸಾ ಮುಗಿಯುವ ಮುಂಚೆಯೇ ಆನ್‌ಲೈನ್ ಅರ್ಜಿ ಏರಿಸಿದೆವು. ಅವಧಿ ಮುಗಿದ ಮೇಲೆ ಹಾಕಿದ್ದರೆ ದಂಡ, ವಿವರಣೆ ಅಂತ ಕತೆಯೇ ಬೇರೆಯಾಗುತ್ತಿತ್ತು.

ಅಲ್ಲಿಂದ ಈಚೆಗೆ ‘ಕಲ್ಚರಲ್’ ಬಜೆಟ್ಟಿನ ಅರ್ಜಿಯಲ್ಲಿ ಬೀಜ, ಹಾಲು, ಲೋಟದ ಕೆಳಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡು ಮತ್ತು ಒಂದು ರೀಮ್ ಎ4 ಹಾಳೆಯನ್ನೂ ಬರೆಯುತ್ತೇನೆ. ಲೆಕ್ಕಪತ್ರ ವಿಭಾಗದವರು ಪ್ರತಿ ಸಲವೂ ಅದಕ್ಕೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾರೆ, ನಾನು ಮತ್ತೆ ಬರೆಯುತ್ತೇನೆ.